ದಸರಾ ರಜೆಗೆ ಒಂದು ಮರದ ಕಥೆ

ಮಾನ್ಯ ಪೋಷಕರೇ,

ನಮಸ್ಕಾರ. ಈ ಸಲದ ದಸರಾ ರಜೆಗೆ ಕಾಪಿ ಬರೆಯುವ ಹೋಂವರ್ಕ್ ಇಲ್ಲ. ಮನೆಯ ಹಿರಿಯರನ್ನು ಕೇಳಿ ಒಂದು ಮರದ ಕಥೆ ಬರೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿದ್ದೇವೆ. ಇದಕ್ಕೆ ನಿಮ್ಮ ನೆರವು ಬೇಕು.

ವಿಜಯದಶಮಿಯ ದಿನ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುತ್ತೇವೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಈ ಬನ್ನಿ, ಅಂದರೆ ಶಮೀ ಮರದಲ್ಲೇ ಆಯುಧ ಬಚ್ಚಿಟ್ಟರೆಂಬುದು ಮಕ್ಕಳಿಗೆ ಗೊತ್ತು. ಅದನ್ನು ಬೇರೆಯವರು ಮುಟ್ಟದಂತೆ ಏನು ಮಾಡಿದರು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಮರ ಇದ್ದದ್ದು ಸ್ಮಶಾನದ ಹತ್ತಿರ. ಆಯುಧ ಕಟ್ಟಿಟ್ಟ ಮೇಲೆ ಅದರ ಕೊಂಬೆಗೆ ಒಂದು ಶವವನ್ನೂ ಕಟ್ಟಿದರು. ದನಗಾಹಿಗಳು ಕೇಳಿದಾಗ, ಇದು ನಮ್ಮ ತಾಯಿ, ಆಕೆಗೆ 180 ವರ್ಷವಾಗಿತ್ತು, ಹೀಗೆ ಕಟ್ಟುವುದು ನಮ್ಮ ಕುಲದ ಪದ್ಧತಿ ಎಂದು ಹೇಳಿ ಮುಂದೆ ನಡೆದರು. ಆಮೇಲೆ ಯಾರು ತಾನೇ ಆ ಮರ ಹತ್ತುತ್ತಾರೆ? ಕಥೆಯೇ ಮರಕ್ಕೆ ಬೇಲಿಯಾಯಿತು. (ಶವದ ಭಾಗವನ್ನು ದೊಡ್ಡ ತರಗತಿಯವರಿಗೆ ಮಾತ್ರ ಹೇಳುತ್ತೇನೆ.)

ಇದೇ ಮರಕ್ಕೆ ರಾಜಸ್ಥಾನದಲ್ಲಿ ಖೇಜಡಿ ಎನ್ನುತ್ತಾರೆ. ಮರಳುಗಾಡಿನಲ್ಲಿ ನೆರಳು, ದನಕ್ಕೆ ಸೊಪ್ಪು, ಪಲ್ಯಕ್ಕೆ ಕಾಯಿ ಎಲ್ಲವೂ ಅದರದೇ. 1730ರಲ್ಲಿ ಜೋಧಪುರದ ಅರಸನ ಹೊಸ ಅರಮನೆಗೆ ಸುಣ್ಣ ಸುಡಲು ಸೌದೆ ಬೇಕಾಯಿತು. ಆಳುಗಳು ಕೊಡಲಿ ಹಿಡಿದು ಖೇಜಡ್ಲಿ ಎಂಬ ಊರಿಗೆ ಬಂದರು. ಹಸಿ ಮರ ಕಡಿಯಬಾರದೆಂಬುದು ಆ ಊರಿನ ಬಿಷ್ಣೋಯಿ ಪಂಥದವರ 29 ನಿಯಮಗಳಲ್ಲಿ ಒಂದು. ಅಮೃತಾ ದೇವಿ ಎಂಬ ತಾಯಿ ಮರ ತಬ್ಬಿ ನಿಂತರು. ಅವರ ಮೂವರು ಹೆಣ್ಣುಮಕ್ಕಳೂ ನಿಂತರು. ಹೀಗೆ ಮರ ತಬ್ಬಿ ನಿಂತು ಕೊಡಲಿಗೆ ಬಲಿಯಾದವರು 363 ಮಂದಿ. ಇದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಕ್ಕಳಿಗೆ ಇದನ್ನು ನೀವೇ ಹೇಳಿದರೆ ಒಳ್ಳೆಯದು.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಈ ಮರವೇ ಗಾಫ್, ಅಲ್ಲಿನ ರಾಷ್ಟ್ರೀಯ ಮರ. 2019ನ್ನು ಆ ದೇಶ ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಗಾಫನ್ನೇ ಅದರ ಗುರುತಾಗಿ ಇಟ್ಟುಕೊಂಡಿತ್ತು. ದುಬೈ, ಅಬುಧಾಬಿಯಲ್ಲಿ ದುಡಿಯುತ್ತಿರುವ ತಂದೆಯಂದಿರು ವಿಡಿಯೋ ಕಾಲ್‌ನಲ್ಲಿ ಒಂದು ಗಾಫ್ ಮರ ತೋರಿಸಿದರೆ ಮಗುವಿಗೆ ಅದಕ್ಕಿಂತ ದೊಡ್ಡ ಪಾಠ ಬೇಡ.

ಬೇರೆ ನಾಡುಗಳಲ್ಲೂ ಇಂಥ ಕಥೆಗಳಿವೆ. ಐರ್ಲೆಂಡಿನ ಹೊಲಗಳಲ್ಲಿ ಒಂಟಿಯಾಗಿ ನಿಂತ ಹಾಥಾರ್ನ್ ಎಂಬ ಮುಳ್ಳುಗಿಡ ಯಕ್ಷಿಣಿಯರದೆಂದು ನಂಬಿಕೆ. 1999ರಲ್ಲಿ ಕ್ಲೇರ್ ಸೀಮೆಯಲ್ಲಿ ಹೆದ್ದಾರಿ ಹಾಕುವಾಗ ಜನ ದನಿ ಎತ್ತಿದ್ದರಿಂದ ಅಂಥ ಒಂದು ಗಿಡವನ್ನು ಕಡಿಯದೆ ಉಳಿಸಿಕೊಂಡರು. ಕುರಾನಿನಲ್ಲಿ ಹೆರಿಗೆ ನೋವಿನಲ್ಲಿದ್ದ ಯೇಸುವಿನ ತಾಯಿ ಮರಿಯಮ್ ಖರ್ಜೂರದ ಮರದಡಿ ಆಸರೆ ಪಡೆಯುತ್ತಾರೆ. ಕಾಂಡ ಅಲುಗಿಸಿದರೆ ಹಣ್ಣು ಉದುರುತ್ತದೆ. ಉತ್ತರ ಯುರೋಪಿನ ಹಳೆಯ ಪುರಾಣದಲ್ಲಿ ಜಗತ್ತನ್ನೇ ಹೊತ್ತ ಒಂದು ಮರವಿದೆ. ತುದಿಯಲ್ಲಿ ಹದ್ದು, ಬುಡದಲ್ಲಿ ಘಟಸರ್ಪ. ಇವರ ಬೈಗುಳವನ್ನು ಅವರಿಗೆ, ಅವರದನ್ನು ಇವರಿಗೆ ಮುಟ್ಟಿಸುತ್ತ ಮೇಲೆ ಕೆಳಗೆ ಓಡುವ ಅಳಿಲು. 3ನೇ ತರಗತಿಯವರು ಇದನ್ನು ಮತ್ತೆ ಮತ್ತೆ ಹೇಳಿಸುತ್ತಾರೆ.

ಒಂದು ಕೋರಿಕೆ. ಅಜ್ಜಿ ಹುಣಸೆಮರದ ದೆವ್ವದ ಕಥೆ ತೆಗೆದರೆ, ಮೂಢನಂಬಿಕೆ ಎಂದು ಅರ್ಧಕ್ಕೇ ನಿಲ್ಲಿಸಬೇಡಿ. ಪೂರ್ತಿ ಹೇಳಲಿ. ಮಗು ಹೆದರಿದರೆ, ಆ ಮರ ಯಾವುದು, ಈಗಲೂ ಇದೆಯೇ ಎಂದು ಕೇಳಿ, ಹಗಲಲ್ಲಿ ಕರೆದುಕೊಂಡು ಹೋಗಿ ತೋರಿಸಿ. ಅಶ್ವತ್ಥಕಟ್ಟೆ, ದರ್ಗಾದ ಬೇವು, ತಾಂಡಾದ ಮರ, ಯಾವುದಾದರೂ ಸರಿ.

ಕಥೆ ಅರ್ಧ ಪುಟ ಸಾಕು. ಮನೆಮಾತು ತುಳುವೋ ಉರ್ದುವೋ ಲಂಬಾಣಿಯೋ ಆಗಿದ್ದರೆ ಹೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಲಿ. ಹೇಳಿದವರ ಹೆಸರು, ಮರದ ಜಾಗ ಬರೆದಿರಲಿ. ಮೊಬೈಲಿನಿಂದ ಇಳಿಸಿದ ಕಥೆ ಬೇಡ. ಪುಟಕ್ಕೆ ಅಂಟಿಸಲು ಉದುರಿದ ಎಲೆಯೇ ಆಗಲಿ. ಹಬ್ಬದ ದಿನ ಬನ್ನಿಗೆ ಒಂದು ಹಿಡಿ ಎಲೆ ಸಾಲದೆ ಕೊಂಬೆಗಳನ್ನೇ ಮುರಿದು ತರುವುದನ್ನು ನೋಡುತ್ತಿದ್ದೇವೆ. ದಯವಿಟ್ಟು ನಿಮ್ಮ ಮಕ್ಕಳ ಎದುರು ಹಾಗೆ ಮಾಡಬೇಡಿ.

ಶಾಲೆ ಮರಳಿ ತೆರೆದ ವಾರದ ಶನಿವಾರ ಕಥೆ ಓದಿಸುತ್ತೇವೆ. ಕಥೆ ಹೇಳಿದ ಅಜ್ಜ ಅಜ್ಜಿಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿರುತ್ತೇವೆ, ಕರೆದುಕೊಂಡು ಬನ್ನಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ