ಗ್ರಂಥಾಲಯ ಸೆಸ್ ಬಾಕಿಗೆ ಯಾರು ಹೊಣೆ?

ಸಂಪಾದಕರಿಗೆ,

ಮಾನ್ಯರೇ,

ಆಸ್ತಿ ತೆರಿಗೆಯ ರಸೀತಿಯಲ್ಲಿ ತೆರಿಗೆಯ ಮೊತ್ತದ ಜೊತೆಗೆ ಗ್ರಂಥಾಲಯ ಸೆಸ್ ಕೂಡ ಸೇರಿರುತ್ತದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿಯಂತೆ ಮನೆ, ಮಳಿಗೆಗಳ ಮಾಲೀಕರಿಂದ ವಸೂಲಾಗುವ ಈ ಹಣಕ್ಕೆ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯೇ ಆಧಾರ. ನಗರಗಳಲ್ಲಿ ಸ್ಥಳೀಯ ಸಂಸ್ಥೆಯು ಅದನ್ನು ವಸೂಲು ಮಾಡಿ, ಸಾರ್ವಜನಿಕ ಗ್ರಂಥಾಲಯಗಳನ್ನು ನಡೆಸುವ ಗ್ರಂಥಾಲಯ ಪ್ರಾಧಿಕಾರಕ್ಕೆ ತಲುಪಿಸಬೇಕೆಂಬುದು ಕಾಯ್ದೆಯ ಆಶಯ. ವಸೂಲಿಯೇನೋ ತಪ್ಪದೆ ನಡೆಯುತ್ತದೆ. ತಲುಪಿಸುವ ಮಾತು ಬಂದಾಗ ಕಡತ ಮುಂದೆ ಸಾಗುವುದಿಲ್ಲ. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದೇ ನೂರಾರು ಕೋಟಿ ರೂಪಾಯಿ ಸೆಸ್ ಬಾಕಿ ಉಳಿಸಿಕೊಂಡಿರುವ ವರದಿಗಳು ತಮ್ಮದೂ ಸೇರಿದಂತೆ ಹಲವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ.

ಹಣವಿಲ್ಲದೆ ಸೊರಗಿರುವ ಗ್ರಂಥಾಲಯಗಳ ಸ್ಥಿತಿಯನ್ನು ಅನುದಾನದ ಕೊರತೆಯೆಂದು ವಿವರಿಸುವ ರೂಢಿ ಅಧಿಕಾರಿಗಳಲ್ಲಿಯೂ ಜನಪ್ರತಿನಿಧಿಗಳಲ್ಲಿಯೂ ಬೆಳೆದಿದೆ. ಅನುದಾನ ಕೊಡುವುದು ಬಿಡುವುದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ, ಆದರೆ ಸೆಸ್ ಹಾಗಲ್ಲ. ಮನಿಯಾರ್ಡರ್ ಹಣ ಅಂಚೆಯಣ್ಣನ ಚೀಲದಲ್ಲಿ ಎಷ್ಟು ದಿನ ಇದ್ದರೂ ಅವನದಾಗುವುದಿಲ್ಲವಷ್ಟೆ. ಜನರು ಪುಸ್ತಕಕ್ಕೆಂದು ಕೊಟ್ಟ ಹಣವನ್ನು ತನ್ನ ಸಾಮಾನ್ಯ ಆದಾಯದೊಂದಿಗೆ ಬೆರೆಸಿಕೊಂಡು, ಕೇಳಿದಾಗಲೆಲ್ಲ ಆರ್ಥಿಕ ಸಂಕಷ್ಟದ ನೆಪ ಹೇಳುವ ಸ್ಥಳೀಯ ಸಂಸ್ಥೆಯನ್ನು ಸಾಲಗಾರ ಎನ್ನಬೇಕೇ ಹೊರತು ಬಡವ ಎನ್ನಲಾಗದು.

ಈ ಬಾಕಿಯ ಪರಿಣಾಮವನ್ನು ಉಣ್ಣುವವರು ಓದುಗರು ಮಾತ್ರವಲ್ಲ, ಗ್ರಂಥಾಲಯದ ಸಿಬ್ಬಂದಿಯೂ ಹೌದು. ಬಡಾವಣೆಯ ಶಾಖಾ ಗ್ರಂಥಾಲಯವೊಂದಕ್ಕೆ ಹೋಗಿ ನೋಡಿದರೆ, ಬಾಗಿಲು ತೆರೆದು ಕಸ ಗುಡಿಸುವುದು, ದಿನಪತ್ರಿಕೆಗಳನ್ನು ಹರಡುವುದು, ಪುಸ್ತಕ ಎರವಲು ಕೊಡುವುದು, ಠೇವಣಿಯ ಲೆಕ್ಕ ಬರೆಯುವುದು, ಕೆಟ್ಟುಹೋದ ಫ್ಯಾನಿಗಾಗಿ ಮೇಲಿನವರಿಗೆ ಪತ್ರ ಬರೆಯುವುದು, ಇವೆಲ್ಲವೂ ಹಲವು ಕಡೆ ಒಬ್ಬರ ಅಥವಾ ಇಬ್ಬರ ಪಾಲಿಗೆ ಬಿದ್ದಿರುತ್ತವೆ. ಕಾಯಂ ಗ್ರಂಥಪಾಲಕರು ನಿವೃತ್ತರಾದಂತೆ ಅವರ ಜಾಗ ಖಾಲಿ ಉಳಿಯುತ್ತದೆ, ಇಲ್ಲವೇ ಹೊರಗುತ್ತಿಗೆಯ ಕೆಲಸಗಾರರ ಪಾಲಾಗುತ್ತದೆ. ಈಚಿನ ವರ್ಷಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ಗ್ರಂಥಾಲಯಗಳನ್ನು ತುಂಬಿದ್ದಾರೆ, ಅದು ಸಂತೋಷದ ಸಂಗತಿಯೇ. ಆದರೆ ಕುರ್ಚಿ ಸಾಲದಿದ್ದರೆ, ಕುಡಿಯುವ ನೀರಿಲ್ಲದಿದ್ದರೆ, ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ಅವರ ಸಿಟ್ಟು ತಿರುಗುವುದು ಎದುರಿಗೆ ಕುಳಿತ ಆ ಒಬ್ಬ ನೌಕರರ ಮೇಲೆಯೇ, ಸೆಸ್ ತಡೆಹಿಡಿದ ಅಧಿಕಾರಿ ಅಲ್ಲಿ ಕಾಣಸಿಗುವುದಿಲ್ಲ.

ಬೀಗ ಹಾಕಿದ ಬೀರುಗಳ ಬಗ್ಗೆಯೂ ಇಲ್ಲಿ ಹೇಳಬೇಕು. ಸಿಬ್ಬಂದಿ ಪುಸ್ತಕಗಳನ್ನು ಮುಟ್ಟಗೊಡುವುದಿಲ್ಲ ಎಂದು ಓದುಗರು ದೂರುವುದುಂಟು, ಆ ದೂರಿನಲ್ಲಿ ಸತ್ಯವಿದೆ. ಆದರೆ ದಾಸ್ತಾನು ಪರಿಶೀಲನೆಯ ದಿನ ಪುಸ್ತಕ ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವರು, ಕೆಲವೊಮ್ಮೆ ಬೆಲೆ ತೆರಬೇಕಾದವರು ಅವರೇ. ಇಡೀ ಕೊಠಡಿಯ ಮೇಲೆ ಒಬ್ಬರೇ ಕಣ್ಣಿಡಬೇಕಾದಲ್ಲಿ ಬೀಗವೇ ಅವರಿಗೆ ಕ್ಷೇಮವೆನಿಸುತ್ತದೆ. ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಮುಕ್ತ ಪ್ರವೇಶ ಪದ್ಧತಿಗಾಗಿ ಶ್ರಮಿಸಿದ ಎಸ್.ಆರ್. ರಂಗನಾಥನ್ ಅವರು 1972ರಲ್ಲಿ ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ. ಅವರ ಜನ್ಮದಿನವಾದ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸಿ ಭಾವಚಿತ್ರಕ್ಕೆ ಹಾರ ಹಾಕುವ ಇಲಾಖೆಯು, ಸಹಜವಾಗಿ ಸವೆದು ಕಳೆಯುವ ಪುಸ್ತಕಗಳಿಗೆ ಇಂತಿಷ್ಟೆಂದು ವಿನಾಯಿತಿ ನಿಗದಿಪಡಿಸಿ ಸಿಬ್ಬಂದಿಯನ್ನು ಆ ಭಯದಿಂದ ಬಿಡಿಸಿದರೆ ಅರ್ಧ ಬೀಗಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಹಳ್ಳಿಗಳ ಕಥೆ ತುಸು ಬೇರೆ. 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು, ಅನೇಕ ಕಟ್ಟಡಗಳು ಸುಣ್ಣಬಣ್ಣ ಕಂಡವು, ಅರಿವು ಕೇಂದ್ರವೆಂಬ ಹೆಸರೂ ಬಂತು. ಇದನ್ನು ಮೆಚ್ಚಲೇಬೇಕು. ಆದರೆ ವರ್ಷಗಟ್ಟಲೆ ಅರೆಕಾಲಿಕರಾಗಿ ಗೌರವಧನಕ್ಕೆ ದುಡಿದ ಮೇಲ್ವಿಚಾರಕರ ಕೆಲಸದ ಹೊತ್ತು ಹೆಚ್ಚಿದಷ್ಟು ಸಲೀಸಾಗಿ ಅವರ ಸಂಬಳ ಸಕಾಲಕ್ಕೆ ಕೈಸೇರುತ್ತಿಲ್ಲ. ತಿಂಗಳುಗಟ್ಟಲೆ ವೇತನವಿಲ್ಲದ ಮೇಲ್ವಿಚಾರಕರು ಮಕ್ಕಳಿಗೆ ಕಥೆ ಓದಿ ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪುಸ್ತಕ ಖರೀದಿಯ ವಿಳಂಬದ ಬಗ್ಗೆ ಪ್ರಕಾಶಕರು, ಲೇಖಕರು ಸಾಕಷ್ಟು ಬರೆದಿದ್ದಾರೆ. ಕನ್ನಡ ಪುಸ್ತಕಗಳ ದೊಡ್ಡ ಗಿರಾಕಿ ಗ್ರಂಥಾಲಯ ಇಲಾಖೆಯೇ ಆಗಿರುವಾಗ, ಸೆಸ್ ಬಾಕಿ ಅವರನ್ನೂ ತಟ್ಟುತ್ತದೆ ಎಂದಷ್ಟೇ ಸೇರಿಸುತ್ತೇನೆ.

ಸರ್ಕಾರ ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಈಗ ಬಹುಪಾಲು ತೆರಿಗೆ ಆನ್‌ಲೈನ್‌ನಲ್ಲೇ ಪಾವತಿಯಾಗುತ್ತಿರುವುದರಿಂದ, ನಗರಗಳಲ್ಲಿ ಸೆಸ್‌ನ ಪಾಲು ಪಾವತಿಯ ಕ್ಷಣದಲ್ಲೇ ಪ್ರತ್ಯೇಕವಾಗಿ ಗ್ರಂಥಾಲಯ ಪ್ರಾಧಿಕಾರದ ಖಾತೆಗೆ ಜಮಾ ಆಗುವಂತೆ ವ್ಯವಸ್ಥೆ ಮಾಡಲಿ. ಗ್ರಾಮ ಪಂಚಾಯಿತಿಗಳಾದರೆ ವಸೂಲಾದ ಸೆಸ್ ಎಷ್ಟು, ಅದರಲ್ಲಿ ಅರಿವು ಕೇಂದ್ರಕ್ಕೆ ವೆಚ್ಚವಾದದ್ದೆಷ್ಟು ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಲಿ. ಬೆಂಗಳೂರಿನ ಮಟ್ಟಿಗೆ ಇನ್ನೊಂದು ತುರ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹಳೆಯ ಬಾಕಿ ತಮ್ಮದಲ್ಲವೆಂದು ಐದೂ ಪಾಲಿಕೆಗಳು ಕೈತೊಳೆದುಕೊಳ್ಳುವ ಮೊದಲು, ಯಾವ ಪಾಲಿಕೆ ಎಷ್ಟು ಹೊರಬೇಕು, ಯಾವ ಗಡುವಿನೊಳಗೆ ಕಟ್ಟಬೇಕು ಎಂಬುದನ್ನು ಈ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಲಿಖಿತವಾಗಿ ತೆರಿಗೆದಾರರ ಮುಂದಿಡಬೇಕು.

ಇಂತು,
ಒಬ್ಬ ತೆರಿಗೆದಾರ ಹಾಗೂ ಗ್ರಂಥಾಲಯ ಸದಸ್ಯ,
ಬೆಂಗಳೂರು