ದೀಪದ ಮೂತಿ ಯಾವ ಕಡೆ

ಶಿರಸಿ

ಚಿರಂಜೀವಿ ತಮಾ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊನೆಕೊಯ್ಲು ಮುಗಿಯುತ್ತಾ ಬಂತು, ಅಂಗಳದ ತುಂಬ ಒಣಗಲು ಚಾಲಿ ಅಡಿಕೆ ಹರವಿದೆ. ಒಂದು ಚೂರು ಮೋಡ ಕಂಡರೆ ಸಾಕು, ನಿನ್ನ ದೊಡ್ಡಾಯಿ ನನ್ನನ್ನು ಕೂರಲು ಬಿಡುವುದಿಲ್ಲ. ಹಾಗಾಗಿ ಕಾಗದ ಎರಡು ದಿನ ತಡ.

ನೀನು ಫೋನಿನಲ್ಲಿ ಕೇಳಿದ್ದು ತಲೆಯಲ್ಲೇ ಉಳಿದಿದೆ. "ಬೆಂಗಳೂರಿನ ಮನೆಗೆ ಗಣಹೋಮ ಆಗಲೇಬೇಕು ಅಂತಾಳೆ ಆಯಿ. ನನಗೆ ಭಕ್ತಿಯೇ ಬರುವುದಿಲ್ಲ. ಸುಮ್ನೆ ಮಡಿ ಉಟ್ಟು ಕೂತರೆ ನಾಟಕ ಆಗೋದಿಲ್ವಾ ದೊಡ್ಡಪ್ಪ?" ಅಂದೆ. ನೀನು ಹೀಗೆ ಕೇಳಿದ್ದೇ ನನಗೆ ಖುಷಿ. ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಅದರಿಂದ ಏನಾಯ್ತು ಹೇಳುತ್ತೇನೆ.

2003ರ ಸುಮಾರಿಗೆ ವೆನಿಲಾಕ್ಕೆ ಹುಚ್ಚು ಬೆಲೆ ಬಂದಿತ್ತಲ್ಲ, ನೀನಾಗ ಚಿಕ್ಕವನು. ನಮಗೂ ನಾಲ್ಕು ಕಾಸಾಯಿತು. ಊರ ದೇವಸ್ಥಾನಕ್ಕೆ ಸೊಂಟದೆತ್ತರದ ಹಿತ್ತಾಳೆ ದೀಪ ಕೊಟ್ಟೆ. ಒಂದೇ ಬತ್ತಿಯದು. ಬತ್ತಿಯ ಮೂತಿಯ ಕೆಳಗೇ ನನ್ನ ಹೆಸರು, ಊರು ಎಲ್ಲ ಕೆತ್ತಿಸಿದ್ದೆ. ಸಂಜೆ ಹೋಗಿ ನೋಡುತ್ತೇನೆ, ಹೆಸರು ಗರ್ಭಗುಡಿಯ ಕಡೆ! ಬಂದವರಿಗೆ ಕಾಣುವುದು ದೀಪದ ಬೆನ್ನು. ಯಾರೂ ಇಲ್ಲದಾಗ ಮೆಲ್ಲಗೆ ತಿರುಗಿಸಿಟ್ಟೆ. ಮರುದಿನ ಮತ್ತೆ ಹಾಗೇ. ವಾರಗಟ್ಟಲೆ ಇದೇ ನಡೆಯಿತು. ನಗಬೇಡ. ಕೊನೆಗೆ ದೀಪ ತಿಕ್ಕುವ ಹೆಂಗಸಿನ ಮೇಲೆ ಕೂಗಾಡಿದೆ. ಅವಳ ಕೈಯಲ್ಲಿ ಹುಣಸೆಹಣ್ಣು, ಮೊಣಕೈವರೆಗೆ ಎಣ್ಣೆ ಜಿಡ್ಡು, ಮಸಿ. "ನಂಗೆ ಓದೂಕೆ ಬರೂದಿಲ್ಲ ಹೆಗಡೇರೆ. ದೀಪದ ಮೂತಿ ದೇವರ ಕಡೆ ಇರಬೇಕಲ್ಲಾ ಅಂತ ಇಡ್ತೆ" ಅಂದಳು.

ಹೆಸರು ದೇವರಿಗೆ ಕಾಣುತ್ತಿತ್ತು ತಮಾ. ನನಗೆ ಅದು ಸಾಲಲಿಲ್ಲ.

ಆಮೇಲೆ ಬದಲಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ದೇಣಿಗೆ ಪಟ್ಟಿ ಓದುವಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಮನಸ್ಸು ಚೊಕ್ಕ ಆದ ಮೇಲೇ ಪೂಜೆಗೆ ಕೂರುತ್ತೇನೆ ಅಂತ ಹೊರಟರೆ ಯಾರೂ ಕೂರುವ ಹಾಗಿಲ್ಲ. ಗಣಹೋಮದಲ್ಲೇ ನೋಡು. ಸಂಕಲ್ಪ ಮಾಡುವಾಗ ನಿನ್ನ ಗೋತ್ರ, ನಕ್ಷತ್ರ, ಹೆಸರು ಹೇಳಿಸುತ್ತಾರೆ. ಏನು ಬೇಕೋ ಅದನ್ನೂ ಬಾಯಿಬಿಟ್ಟು ಹೇಳಿಸುತ್ತಾರೆ. ಆಸೆಯೇ ಇಲ್ಲದವರ ಹಾಗೆ ಕೂರಬೇಕಾಗಿಲ್ಲ. ಆಮೇಲೆ ಅವಲಕ್ಕಿ, ಅರಳು, ಕಬ್ಬು, ಎಳ್ಳು ಬೆಂಕಿಗೆ ಬೀಳುವಾಗ ಪ್ರತಿ ಸಲ 'ಇದಂ ನ ಮಮ'. ಇದು ನನ್ನದಲ್ಲ. ಒಂದೇ ಸಲಕ್ಕೆ ನಾಟುವ ಮಾತಾಗಿದ್ದರೆ ಅಷ್ಟು ಸಲ ಯಾಕೆ ಹೇಳಿಸುತ್ತಿದ್ದರು? ಉಳಿದ ಮಂತ್ರ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಆ ಮೂರು ಶಬ್ದ ಬಂದಾಗ ಎಚ್ಚರ ಇರು. ಭಕ್ತಿ ಬಾರದಿದ್ದರೆ ಬಂದ ಹಾಗೆ ಮುಖ ಮಾಡಬೇಡ. ಅಷ್ಟಾದರೆ ಅದು ನಾಟಕ ಅಲ್ಲ.

ಇನ್ನು ಜೋರಾಗಿ ಮಾಡದಿದ್ದರೆ ಜನ ಏನಂತಾರೋ ಅಂತ ಆಯಿಗೆ ಚಿಂತೆ. ಅವಳಿಗೆ ನಾನು ಹೇಳುತ್ತೇನೆ. ನಮ್ಮ ಮಾರಿಕಾಂಬೆಗೆ ಹಿಂದೆ ಕೋಣನ ಬಲಿ ಕೊಡುತ್ತಿದ್ದರು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಿದ್ದರಲ್ಲ, ಆ ಕಾಲದಲ್ಲೇ ಅದು ನಿಂತಿತು. ದೇವಿ ಮುನಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಉಡಿ ತುಂಬಲು ಬಿಸಿಲಲ್ಲಿ ನಿಲ್ಲುವವರ ಸಾಲು ನೀನೇ ನೋಡಿದ್ದೀಯಲ್ಲ. ಮುನ್ನೂರು ಜನ ಊಟಕ್ಕೆ ಬಾರದಿದ್ದರೆ ನಿನ್ನ ಗಣಪತಿ ಮುನಿಯುತ್ತಾನಾ?

ಫೋಟೋದವನಿಗೆ ಮೊದಲೇ ಹೇಳಿಡು. ಮೊನ್ನೆ ಒಂದು ಮದುವೆಯಲ್ಲಿ ಬೆಳಕು ಸರಿ ಬರಲಿಲ್ಲ ಅಂತ ಮೂರು ಸಲ ಧಾರೆ ಎರೆಸಿದರು. ಹುಡುಗಿಯ ಅಪ್ಪನ ಕಣ್ಣೀರು ಎರಡನೇ ಸಲಕ್ಕೇ ಒಣಗಿತ್ತು. ಪೂರ್ಣಾಹುತಿ ಮುಗಿಯುವವರೆಗೆ ಅವನು ಹೊರಗಿರಲಿ. ಊಟದ ಪಂಕ್ತಿಯಲ್ಲಿ ಬೇಕಾದಷ್ಟು ತೆಗೆಯಲಿ.

ನಾನು ಹಿಂದಿನ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಅಡಿಕೆ ಹೂವಿನ ಸಿಂಗಾರ, ಬಾಳೆಲೆ, ಮನೆ ತುಪ್ಪ ಇಲ್ಲಿಂದಲೇ ತರುತ್ತೇನೆ, ಅಲ್ಲಿ ಜಾಸ್ತಿ ದುಡ್ಡು ಕೊಟ್ಟು ತಗೋಬೇಡ. ಕಬ್ಬು ಮಾತ್ರ ನೀನೇ ನೋಡಿಕೋ.

ನಿನ್ನ ದೊಡ್ಡಪ್ಪ