ತಾಳಗುಂದಕ್ಕೂ ಬಾಡಿಗೆ ಸೈಕಲ್ ಬರಲಿ

ಮಾನ್ಯ ಸಂಪಾದಕರೇ,

ಜಪಾನಿನ ನಾರಾ ಪ್ರಾಂತ್ಯದ ಅಸುಕ ಗ್ರಾಮವನ್ನು ಈಚೆಗೆ ಸೈಕಲ್ಲಿನಲ್ಲಿ ಸುತ್ತಿ ಬಂದ ಮೇಲೆ, ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದಗಳನ್ನೂ ಹೀಗೆಯೇ ನೋಡುವಂತಾಗಬೇಕೆಂದು ಬಲವಾಗಿ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕ್ರಿ.ಶ. 592ರಿಂದ ಸುಮಾರು ಒಂದು ಶತಮಾನ ಜಪಾನಿನ ಅರಸೊತ್ತಿಗೆ ನೆಲೆಸಿದ್ದ ಅಸುಕ ಈಗ ಭತ್ತ ಬೆಳೆಯುವ ಹಳ್ಳಿ. ರೈಲು ನಿಲ್ದಾಣದ ಬಳಿಯೇ ಬಾಡಿಗೆ ಸೈಕಲ್ ಸಿಗುತ್ತದೆ. ಗದ್ದೆಯಂಚಿನ ಕಿರುದಾರಿಗಳಲ್ಲಿ ಸಾಗಿದರೆ, 1972ರಲ್ಲಿ ಗೋಡೆಚಿತ್ರಗಳು ಪತ್ತೆಯಾದ ತಕಮತ್ಸುಜುಕ ಸಮಾಧಿ, ಆಮೆಯ ರೂಪದ ಬಂಡೆ, ಏಳನೇ ಶತಮಾನದ ಕಂಚಿನ ಬುದ್ಧನಿರುವ ಅಸುಕದೆರ ದೇಗುಲ ಒಂದಾದ ಮೇಲೊಂದು ಎದುರಾಗುತ್ತವೆ. ಸೋಗ ನೊ ಉಮಾಕೊ ಎಂಬ ಪ್ರಬಲ ಮಂತ್ರಿಯದೆಂದು ನಂಬಲಾದ ಇಶಿಬುತಾಯ್ ಸಮಾಧಿಯಲ್ಲಂತೂ ಮೇಲಿನ ಮಣ್ಣೆಲ್ಲ ಹೋಗಿ ಕಲ್ಲುಕೋಣೆ ಮಾತ್ರ ಉಳಿದಿದ್ದು, ಚಾವಣಿಯ ದೊಡ್ಡ ಬಂಡೆಯೊಂದೇ ಸುಮಾರು 77 ಟನ್ ತೂಗುತ್ತದೆ. ಅದರಡಿ ನಿಂತಾಗ ಆದ ಬೆರಗನ್ನು ಕಾರಿನಲ್ಲಿ ಬಂದು ಫೋಟೊ ತೆಗೆದು ಹೋಗುವವರು ಪಡೆಯಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ. ಸೈಕಲ್ ತುಳಿದು ಬಂದವರಿಗೆ ಆ ಸಮಾಧಿಯ ಜೊತೆಗೆ ಅದನ್ನು ಸುತ್ತುವರಿದ ಗುಡ್ಡ, ಗದ್ದೆ, ಊರೆಲ್ಲವೂ ಪರಿಚಯವಾಗಿರುತ್ತವೆ. ಈ ಪರಿಸರವನ್ನು ಕಾಪಾಡಲೆಂದೇ ಅಲ್ಲಿ 1980ರಲ್ಲಿ ವಿಶೇಷ ಕಾಯ್ದೆ ಬಂದಿದೆ.

ನಮ್ಮಲ್ಲಿ ಇರುವುದೇನು ಕಡಿಮೆಯೇ? ಕದಂಬರ ಮೂಲಪುರುಷ ಮಯೂರಶರ್ಮನ ಕಥೆಯನ್ನು ಕುಬ್ಜನೆಂಬ ಕವಿಯ ಸಂಸ್ಕೃತ ಶ್ಲೋಕಗಳಲ್ಲಿ ಹೇಳುವ ಐದನೇ ಶತಮಾನದ ಸ್ತಂಭಶಾಸನ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿದೆ. ಅದೇ ವಂಶದ ಅರಸ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನೂ ಅದೇ ಶಾಸನ ತಿಳಿಸುತ್ತದೆ. ಸಮೀಪದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳಿವೆ. ಆದರೆ ಸ್ವಂತ ವಾಹನವಿಲ್ಲದವರು ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಆಟೊ ಹುಡುಕಬೇಕು. ಸಿಕ್ಕರೂ ಚಾಲಕರನ್ನು ಕಾಯಿಸುವ ಸಂಕೋಚದಲ್ಲಿ ಶಾಸನದ ಮುಂದೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ.

ಕಟ್ಟಡಗಳಿಗೆ ನಿರ್ಬಂಧ ಹಾಕುವ ಅಸುಕದಂಥ ಕಾಯ್ದೆಯನ್ನು ನಾನು ಕೇಳುತ್ತಿಲ್ಲ. ಮನೆ ಕಟ್ಟುವ ರೈತನಿಗೆ ಅದು ಹೊರೆಯಾದೀತು. ಶಿರಾಳಕೊಪ್ಪದ ಬಸ್ ನಿಲ್ದಾಣದ ಬಳಿ ಬಾಡಿಗೆ ಸೈಕಲ್ಲುಗಳ ಒಂದು ಶೆಡ್, ಒಳರಸ್ತೆಗಳ ಕವಲುಗಳಲ್ಲಿ ಕನ್ನಡದ ದಾರಿಫಲಕ, ಎರಡೂ ಊರುಗಳಲ್ಲಿ ಸೈಕಲ್ ನಿಲ್ಲಿಸಲು ನೆರಳು ಇಷ್ಟಾದರೆ ಸಾಕು. ನಿರ್ವಹಣೆಯನ್ನು ಸ್ಥಳೀಯ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿದರೆ ಆದಾಯ ಊರಿನಲ್ಲೇ ಉಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ನಡೆಯದು, ನಿಜ. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಂಪು ದಿನಗಳಲ್ಲಿ ಪ್ರಯೋಗವಾಗಿ ಆರಂಭಿಸಲು ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ ಮುಂದಾಗಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಶಿವಮೊಗ್ಗ